ನರಗುಂದದ ವೀರಗಲ್ಲು

ಕನ್ನಡ ನಾಡಿನ ಅನೇಕ ಹಳ್ಳಿಗಳಲ್ಲಿ, ಊರ ಅಗಸೆಯ ಬಳಿಯಲ್ಲೋ ಕೆರೆಯ ಏರಿಯ ಮೇಲೋ ಗುಡಿಯ ಮಗ್ಗುಲಲ್ಲೋ ವೀರಗಲ್ಲೊಂದು ಕಾಣಸಿಗುತ್ತದೆ. ಸಾಮಾನ್ಯವಾಗಿ ಅದರಲ್ಲಿ ಮೂರು ಹಂತಗಳಿರುತ್ತವೆ. ಕೆಳಗೆ ವೀರನು ಹೋರಾಡುವ ದೃಶ್ಯ. ನಡುವೆ ಅವನನ್ನು ಅಪ್ಸರೆಯರು ಕರೆದೊಯ್ಯುವ ದೃಶ್ಯ. ಮೇಲೆ ಅವನು ಶಿವಸನ್ನಿಧಿಯನ್ನು ಸೇರಿದ ದೃಶ್ಯ. ಇಂತಹ ಕಲ್ಲುಗಳನ್ನು ಅರಸರಿಗಾಗಿ ಮಾತ್ರ ನಿಲ್ಲಿಸಲಿಲ್ಲ. ತುರುಗಳನ್ನು ಬಿಡಿಸಿ ತರುವಾಗ, ಊರನ್ನು ಕಾಯುವಾಗ ಮಡಿದ ಸಾಮಾನ್ಯನಿಗೂ ನಮ್ಮ ಹಿರಿಯರು ಈ ಗೌರವವನ್ನು ಸಲ್ಲಿಸಿದರು.

ಈ ಸಂಪ್ರದಾಯ ಹಳಗಾಲದೊಡನೆ ಮುಗಿದುಹೋಗಲಿಲ್ಲ. ಗದಗ ಜಿಲ್ಲೆಯ ನರಗುಂದದಲ್ಲಿ ಇಪ್ಪತ್ತನೆಯ ಶತಮಾನದ ವೀರಗಲ್ಲೊಂದಿದೆ. ನರಗುಂದಕ್ಕೆ ಬಂಡಾಯದ ನೆನಪು ಹೊಸದಲ್ಲ. ದತ್ತಕ ಸ್ವೀಕಾರಕ್ಕೆ ಬ್ರಿಟಿಷರು ಒಪ್ಪದಿದ್ದಾಗ ಅವರ ವಿರುದ್ಧ 1858ರಲ್ಲಿ ಸಿಡಿದೆದ್ದು, ಬೆಳಗಾವಿಯಲ್ಲಿ ಗಲ್ಲಿಗೇರಿದ ಬಾಬಾಸಾಹೇಬ ಭಾವೆ ಈ ಸಂಸ್ಥಾನದ ಒಡೆಯ. ಆದರೆ ಈ ಕಲ್ಲು ನೆನಪಿಸುವುದು ಅರಸನನ್ನಲ್ಲ, ರೈತನನ್ನು.

ನರಗುಂದ, ನವಲಗುಂದ, ರೋಣದ ಸೀಮೆ ಎರೆಭೂಮಿಯ ನಾಡು. ಮಳೆಯನ್ನೇ ನಂಬಿ ಜೋಳ, ಗೋಧಿ, ಹತ್ತಿಗಳನ್ನು ಬೆಳೆಯುತ್ತಿದ್ದ ಈ ಪ್ರದೇಶಕ್ಕೆ ನೀರುಣಿಸಲು ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಅಣೆಕಟ್ಟನ್ನು ಕಟ್ಟಲಾಯಿತು. ನೀರಾವರಿಯಿಂದ ಭೂಮಿಯ ಬೆಲೆ ಏರುತ್ತದೆ. ಏರಿದ ಬೆಲೆಯಲ್ಲಿ ಒಂದು ಪಾಲು ಯೋಜನೆಯ ವೆಚ್ಚಕ್ಕೆ ಸಲ್ಲಬೇಕು ಎಂಬುದು ಸರ್ಕಾರದ ವಾದ. ಇದಕ್ಕಾಗಿ ವಿಧಿಸಿದುದೇ ಅಭಿವೃದ್ಧಿ ಕರ. ಆದರೆ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ತಲುಪುತ್ತಿರಲಿಲ್ಲ. ಗೊಬ್ಬರದ ಬೆಲೆ ಏರಿತ್ತು, ಹತ್ತಿಯ ಬೆಲೆ ಇಳಿದಿತ್ತು. ಹೀಗಿರುವಾಗ ನೀರಿನ ಕರದೊಡನೆ ಅಭಿವೃದ್ಧಿ ಕರವನ್ನೂ ತೆರುವುದೆಂತು ಎಂಬುದು ರೈತರ ಪ್ರಶ್ನೆ. ಅವರು ಸಮನ್ವಯ ಸಮಿತಿಯನ್ನು ರಚಿಸಿಕೊಂಡು ಚಳವಳಿಗೆ ಇಳಿದರು.

1980ರ ಜುಲೈ 21ರಂದು ಸಾವಿರಾರು ರೈತರು ನರಗುಂದದಲ್ಲಿ ಸೇರಿದರು. ತಹಶೀಲ್ದಾರರ ಕಚೇರಿಯ ಮುಂದಿನ ಸತ್ಯಾಗ್ರಹ ಘರ್ಷಣೆಗೆ ತಿರುಗಿತು. ಪೊಲೀಸರು ಗುಂಡು ಹಾರಿಸಿದರು. ಅಂದು ನರಗುಂದದಲ್ಲಿಯೂ ನವಲಗುಂದದಲ್ಲಿಯೂ ರೈತರು ಗುಂಡಿಗೆ ಬಲಿಯಾದರು. ಕೆರಳಿದ ಗುಂಪಿನ ಕೈಗೆ ಸಿಕ್ಕಿ ಪೊಲೀಸರೂ ಪ್ರಾಣ ತೆತ್ತರು. ಚಳವಳಿ ರಾಜ್ಯದ ಇತರ ಕಡೆಗಳಿಗೂ ಹಬ್ಬಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಅಂದಿನಿಂದ ಪ್ರತಿವರ್ಷ ಜುಲೈ 21ರಂದು ರೈತರು ವೀರಗಲ್ಲಿಗೆ ಮಾಲೆ ಹಾಕಿ ಹುತಾತ್ಮ ದಿನವನ್ನು ಆಚರಿಸುತ್ತಾರೆ.

ಇಂತಹ ಸ್ಮಾರಕಗಳು ಬೇರೆಡೆಗಳಲ್ಲಿಯೂ ಉಂಟು. 1919ರ ಹತ್ಯಾಕಾಂಡ ನಡೆದ ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡುಗಳ ಗುರುತುಳ್ಳ ಗೋಡೆಗಳನ್ನು ಕಾಪಾಡಲಾಗಿದೆ. 1938ರಲ್ಲಿ ಧ್ವಜ ಸತ್ಯಾಗ್ರಹಿಗಳು ಗುಂಡಿಗೆ ಬಲಿಯಾದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸ್ತೂಪವೂ ಚಿತ್ರಶಾಲೆಯೂ ಇವೆ. 2001ರ ಸೆಪ್ಟೆಂಬರ್ 11ರಂದು ಭಯೋತ್ಪಾದಕರು ನ್ಯೂಯಾರ್ಕಿನ ಅವಳಿ ಗೋಪುರಗಳನ್ನು ಉರುಳಿಸಿದ ಸ್ಥಳದಲ್ಲಿ ಈಗ ಎರಡು ಕೊಳಗಳಿವೆ. ಅವುಗಳ ಸುತ್ತ ಕಂಚಿನ ಫಲಕಗಳಲ್ಲಿ ಮಡಿದವರ ಹೆಸರುಗಳನ್ನು ಕೊರೆದಿದ್ದಾರೆ. ಈ ಘಟನೆಗಳು ಒಂದೇ ಬಗೆಯವಲ್ಲ. ಕೊಂದವರೂ ಬೇರೆ, ಕಾರಣಗಳೂ ಬೇರೆ. ಆದರೂ ಈ ಸ್ಮಾರಕಗಳ ಉದ್ದೇಶ ಒಂದೇ. ವಾರ್ತೆಯಲ್ಲಿ ಸತ್ತವರು ಕೇವಲ ಒಂದು ಸಂಖ್ಯೆ. ಸ್ಮಾರಕದ ಮುಂದೆ ಆ ಸಂಖ್ಯೆ ಮತ್ತೆ ಮನುಷ್ಯನಾಗುತ್ತದೆ. ಅವನಿಗೊಂದು ಹೆಸರಿತ್ತು, ಮನೆಯಿತ್ತು, ಬಿತ್ತಬೇಕಾದ ಹೊಲವಿತ್ತು ಎಂಬುದು ನೋಡುವವನಿಗೆ ಅರಿವಾಗುತ್ತದೆ.

ಆದುದರಿಂದ ಸ್ಮಾರಕವನ್ನು ಕಾಣಹೋದವರು ಕೈಮುಗಿದು ಹಿಂದಿರುಗಿದರೆ ಸಾಲದು. ಇವರು ಯಾರು, ಏಕೆ ಸತ್ತರು, ಈ ಸಾವನ್ನು ತಪ್ಪಿಸಬಹುದಾಗಿತ್ತೇ ಎಂದು ಕೇಳಿಕೊಳ್ಳಬೇಕು. ನರಗುಂದದಲ್ಲಿ ಹೀಗೆ ಕೇಳುವವನಿಗೆ ಕಠಿಣವಾದ ಸತ್ಯವೊಂದು ಎದುರಾಗುತ್ತದೆ. ಅಂದು ಸತ್ತ ರೈತನ ಮನೆಯಲ್ಲಿ ಹರಿದ ಕಣ್ಣೀರೇ ಸತ್ತ ಪೊಲೀಸನ ಮನೆಯಲ್ಲಿಯೂ ಹರಿಯಿತು. ವೀರಗಲ್ಲು ರೈತನನ್ನು ಗೌರವಿಸುತ್ತದೆ, ಅದು ನ್ಯಾಯ. ಆದರೆ ಆ ಗೌರವ ಹಗೆಯನ್ನು ಬೆಳೆಸಬಾರದು. ಅಹವಾಲನ್ನು ಹೊತ್ತು ಬಂದವರ ಮಾತನ್ನು ಆಳುವವರು ಕಾಲಕ್ಕೆ ಸರಿಯಾಗಿ ಕೇಳಿದರೆ, ಕೇಳುವವರೂ ಶಾಂತಿಯನ್ನು ಬಿಡದಿದ್ದರೆ, ಇಂತಹ ಇನ್ನೊಂದು ಕಲ್ಲನ್ನು ನೆಡುವ ಪ್ರಸಂಗ ಬಾರದು. ಮಡಿದವರಿಗೆ ಬದುಕಿರುವವರು ಸಲ್ಲಿಸಬಹುದಾದ ನಿಜವಾದ ಗೌರವ ಅದೇ.