ಅರವಟ್ಟಿಗೆಯಲ್ಲಿ ಕೂಡುವವರು

ಬೇಸಿಗೆ ಬಂದಿತೆಂದರೆ ನಮ್ಮ ರಾಯಚೂರು ಸೀಮೆಯ ದಾರಿಗಳ ಬದಿಗೆ ಅರವಟ್ಟಿಗೆಗಳು ಏಳುತ್ತವೆ. ಒಂದು ಚಪ್ಪರ, ಅದರ ನೆರಳಿನಲ್ಲಿ ಒದ್ದೆ ಬಟ್ಟೆ ಸುತ್ತಿದ ಗಡಿಗೆಗಳು, ಪಕ್ಕದಲ್ಲೊಂದು ತಂಬಿಗೆ. ನೀರಿಗೆ ಬೆಲೆಯಿಲ್ಲ. ಆದರೆ ಗಡಿಗೆಯನ್ನು ಇಟ್ಟ ಮಾತ್ರಕ್ಕೆ ಅರವಟ್ಟಿಗೆ ಆಗುವುದಿಲ್ಲ. ದಿನವೂ ನೀರು ತುಂಬುವವನೊಬ್ಬ ಬೇಕು. ದಾರಿಹೋಕನು ಸಂಕೋಚದಿಂದ ನಿಂತಾಗ "ಬರ್ರಿ, ನೀರು ಕುಡೀರಿ" ಎಂದು ಕರೆಯುವವನೊಬ್ಬ ಬೇಕು. ಹಳೆಯ ಶಾಸನಗಳಲ್ಲಿ 'ಅರವಂಟಿಗೆ'ಗೆಂದು ದತ್ತಿ ಬಿಟ್ಟವರಿಗೂ ಇದು ತಿಳಿದೇ ಇದ್ದಿರಬೇಕು.

ನಮ್ಮ ಕಾಲದಲ್ಲಿ ಇಂಥದೇ ಇನ್ನೊಂದು ಅರವಟ್ಟಿಗೆ ಇದೆ. ಅದು ಗಣಕಯಂತ್ರದ ಲೋಕದ್ದು. ಅದನ್ನು ಸ್ವತಂತ್ರ ತಂತ್ರಾಂಶವೆಂದು ಕರೆಯುತ್ತಾರೆ. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇದರಲ್ಲೇನು ಕೆಲಸ ಎಂದು ಕೆಲವರಿಗಾದರೂ ಅನ್ನಿಸಬಹುದು. ಕನ್ನಡದ ನಾಳಿನ ಬರವಣಿಗೆಯ ಬಹುಪಾಲು ಈ ಯಂತ್ರದ ಮೂಲಕವೇ ನಡೆಯಬೇಕಾಗಿರುವುದರಿಂದ ಇದು ನಮ್ಮ ಕೆಲಸವೂ ಹೌದು.

ತಂತ್ರಾಂಶವೆಂದರೆ ಯಂತ್ರಕ್ಕೆ ಕೊಡುವ ಆದೇಶಗಳ ಮಾಲೆ. ವ್ಯಾಪಾರದ ತಂತ್ರಾಂಶವನ್ನು ಹೋಟೆಲಿನ ಅಡುಗೆಗೆ ಹೋಲಿಸಬಹುದು: ತಿನ್ನಬಹುದು, ಮಾಡುವ ಬಗೆಯನ್ನು ಕೇಳುವಂತಿಲ್ಲ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬಾತ 1983ರಲ್ಲಿ ಇದಕ್ಕೆ ಬದಲಾದ ಒಂದು ಮಾರ್ಗವನ್ನು ಸಾರಿದ. ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ಓದಿ ತಿಳಿಯುವ, ನೆರೆಯವರಿಗೆ ಹಂಚುವ, ತಿದ್ದಿ ಆ ತಿದ್ದುಪಡಿಯನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಪ್ರತಿಯೊಬ್ಬನಿಗೂ ಇರಬೇಕೆಂಬುದು ಅವನ ವಾದ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂದು ಜಗತ್ತಿನ ಅಸಂಖ್ಯ ಯಂತ್ರಗಳನ್ನು ನಡೆಸುತ್ತಿದೆ. ಇಂಗ್ಲಿಷಿನಲ್ಲಿ ಇಂಥದನ್ನು 'ಫ್ರೀ' ಎಂದು ಕರೆಯುವುದರಿಂದ ಪುಕ್ಕಟೆಯೆಂಬ ಭ್ರಮೆ ಹುಟ್ಟುತ್ತದೆ. ಕನ್ನಡದಲ್ಲಿ ಉಚಿತ ಬೇರೆ, ಸ್ವತಂತ್ರ ಬೇರೆ.

ಸ್ವತಂತ್ರವಾದುದೆಲ್ಲ ಸುಗಮವೂ ಆಗಿರುತ್ತದೆಯೆ? ಇಲ್ಲ. ಇಲ್ಲಿಯೇ ನನ್ನ ಮಾತಿನ ತಿರುಳಿದೆ.

ಚಂದ್ರಬಂಡದ ರೈತರೊಬ್ಬರ ಮಗಳು ರಾಯಚೂರಿನಲ್ಲಿ ಬಿ.ಎ. ಓದುತ್ತಿದ್ದಾಳೆ. ತನ್ನ ಹಳೆಯ ಗಣಕಯಂತ್ರದಲ್ಲಿ ಕನ್ನಡಕ್ಕೆ ತಂದ ಒಂದು ಸ್ವತಂತ್ರ ತಂತ್ರಾಂಶವನ್ನು ಬಳಸುವಾಗ ಅವಳಿಗೊಂದು ತಪ್ಪು ಕಂಡಿತು. 'ಉಳಿಸು' ಎಂದಿರಬೇಕಾದ ಕಡೆ 'ಅಳಿಸು' ಎಂದಿತ್ತು. ಒಂದೇ ಅಕ್ಷರದ ಅಂತರ. ಅರ್ಥ ಮಾತ್ರ ತಲೆಕೆಳಗು. ನಂಬಿ ಒತ್ತಿದವನು ಏನು ಉಳಿಯಿತು, ಏನು ಹೋಯಿತು ಎಂದು ತಿಳಿಯದೆ ಕಂಗೆಡಬೇಕು. ಅವಳು ಕಷ್ಟಪಟ್ಟು ವಿಷಯವನ್ನು ಕನ್ನಡದಲ್ಲಿಯೇ ಬರೆದು ಕಳುಹಿಸಿದಳು. ಎರಡು ವಾರಗಳ ನಂತರ ಇಂಗ್ಲಿಷಿನಲ್ಲಿ ಒಂದು ಸಾಲಿನ ಉತ್ತರ ಬಂದಿತು: ಕ್ರಮಬದ್ಧವಾಗಿಲ್ಲ, ನಿಯಮಗಳನ್ನು ಓದಿಕೊಳ್ಳುವುದು. ನಿಯಮಗಳ ಪುಟ ತೆರೆದರೆ ಅವಳಿಗೆ ಮೊದಲ ವಾಕ್ಯವೇ ಅರ್ಥವಾಗಲಿಲ್ಲ.

"ಯಾಕಮ್ಮ, ಬಿಟ್ಟುಬಿಟ್ಟೆ?" ಎಂದು ಕೇಳಿದೆ. "ಅದು ನಮ್ಮಂಥೋರಿಗಲ್ರಿ ಸರ್" ಎಂದಳು.

ಈ ಮಾತು ನನ್ನನ್ನು ಚುಚ್ಚಿತು. ಏಕೆಂದರೆ ಇದನ್ನು ನಾನು ಹಿಂದೆಯೂ ಕೇಳಿದ್ದೆ. ಅಧ್ಯಾಪಕನಾದ ಮೊದಲ ವರ್ಷಗಳಲ್ಲಿ, ಹಳ್ಳಿಯಿಂದ ಬಂದ ಹುಡುಗನೊಬ್ಬನ ಪ್ರಬಂಧವನ್ನು ಕೆಂಪು ಶಾಯಿಯಿಂದ ತುಂಬಿಸಿ, ಅವನ ಮಾತಿನ ಕನ್ನಡವನ್ನು ತರಗತಿಯಲ್ಲಿ ಓದಿ ನಗಿಸಿದ್ದೆ. ನಾನು ತಿದ್ದಿದ ತಪ್ಪುಗಳೆಲ್ಲ ನಿಜವಾದ ತಪ್ಪುಗಳೇ. ಆದರೆ ಆ ಹುಡುಗ ಮತ್ತೆ ಪ್ರಬಂಧ ಬರೆಯಲಿಲ್ಲ.

ಹೊಸಬರು ಹೀಗೆ ಹಿಂದಿರುಗುವುದು ನಮ್ಮಲ್ಲಿ ಮಾತ್ರವಲ್ಲ. ಬ್ರೆಜಿಲಿನ ಸಂಶೋಧಕ ಇಗೊರ್ ಸ್ಟೈನ್‌ಮಾಕರ್ ಮತ್ತು ಅವರ ಸಂಗಡಿಗರು ಇಂಥ ತಂತ್ರಾಂಶಗಳಿಗೆ ಕೈಜೋಡಿಸಲು ಬಂದವರು ಎದುರಿಸುವ 58 ಅಡ್ಡಿಗಳನ್ನು ಪಟ್ಟಿಮಾಡಿದ್ದಾರೆ. ಅವುಗಳಲ್ಲಿ ಹಲವು ಯಂತ್ರಜ್ಞಾನಕ್ಕೆ ಸೇರಿದವೇ ಅಲ್ಲ. ಉತ್ತರ ಬಾರದಿರುವುದು, ಬಂದ ಉತ್ತರ ಒರಟಾಗಿರುವುದು, ಎಲ್ಲಿಂದ ಆರಂಭಿಸಬೇಕೆಂದು ತಿಳಿಯದಿರುವುದು ಮುಂತಾದವು. ಇಂಗ್ಲಿಷಿನ ವಿಕಿಪೀಡಿಯವನ್ನು ತಿದ್ದಿ ಬೆಳೆಸುವವರ ಸಂಖ್ಯೆ 2007ರಲ್ಲಿ ಶಿಖರ ಮುಟ್ಟಿ ಬಳಿಕ ಇಳಿಯತೊಡಗಿತು. ಸದ್ಭಾವದಿಂದ ಬಂದ ಹೊಸಬರ ಬರವಣಿಗೆಯನ್ನು ತೆಗೆದುಹಾಕುತ್ತಿದ್ದುದು ಅದಕ್ಕೊಂದು ಮುಖ್ಯ ಕಾರಣವೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೊಸಬರನ್ನು ಕಚ್ಚಬೇಡಿ ಎಂಬ ನೀತಿಯನ್ನು ಅದೇ ವಿಕಿಪೀಡಿಯ ಬಹು ಹಿಂದೆಯೇ ಬರೆದಿಟ್ಟುಕೊಂಡಿತ್ತೆಂಬುದು ಗಮನಾರ್ಹ. ಟೋರ್ವಾಲ್ಡ್ಸ್ ಕೂಡ ತನ್ನ ಕಟು ಮಾತುಗಳಿಗಾಗಿ 2018ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿ, ಕೆಲಸದಿಂದ ಕೆಲಕಾಲ ದೂರ ಸರಿದು ನಿಂತ.

ಸ್ವಯಂಸೇವಕರನ್ನು ದೂರುವುದು ನನ್ನ ಉದ್ದೇಶವಲ್ಲ. ಹಗಲು ಹೊಟ್ಟೆಪಾಡಿನ ದುಡಿಮೆ, ರಾತ್ರಿ ಸಂಬಳವಿಲ್ಲದ ಈ ಕೆಲಸ. ದಣಿದವನ ಉತ್ತರ ಚಿಕ್ಕದಾಗುವುದು ಸಹಜ. ಆದರೆ ಹೊಸಬರು ನಿಲ್ಲದಿದ್ದರೆ ಭಾರವೆಲ್ಲ ಹಳಬರ ಮೇಲೆಯೇ ಉಳಿಯುತ್ತದೆ. ಅವರು ಇನ್ನಷ್ಟು ದಣಿಯುತ್ತಾರೆ. ಕನ್ನಡದಂಥ ಭಾಷೆಯಲ್ಲಿ ಈ ಕೆಲಸಕ್ಕೆ ನಿಂತವರು ಕೆಲವೇ ಜನ. ಅವರ ಕೈ ಸೋತರೆ ತಂತ್ರಾಂಶ ಮತ್ತೆ ಇಂಗ್ಲಿಷಿಗೆ ಜಾರುತ್ತದೆ.

ಸ್ವಾಗತ ಹೇಗಿರಬೇಕು? ಮೊದಲನೆಯದಾಗಿ, ಅದು ರಚನೆಯಲ್ಲಿಯೇ ಇರಬೇಕು. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡದ ಕೀಲಿಮಣೆಯನ್ನು ನೋಡಿ. ಇಂಗ್ಲಿಷ್ ಅಕ್ಷರಗಳ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡದ ವರ್ಣಮಾಲೆ ಅಡಗಿದೆ. 'ಕೆ' ಒತ್ತಿದರೆ ಕ, ಅದನ್ನೇ ಶಿಫ್ಟ್ ಹಿಡಿದು ಒತ್ತಿದರೆ ಮಹಾಪ್ರಾಣ ಖ; ಎರಡು ವ್ಯಂಜನಗಳ ನಡುವೆ ಒಂದು ಕೊಂಡಿಯ ಕೀಲಿ ಒತ್ತಿದರೆ ಒತ್ತಕ್ಷರ. ಕಿವಿಗೆ ಗೊತ್ತಿರುವುದನ್ನೇ ಬೆರಳಿಗೆ ಕಲಿಸುವ ಈ ಕ್ರಮದಿಂದ, ನಿವೃತ್ತನಾದ ಮೇಲೆ ಕಲಿಯಹೊರಟ ನಾನೂ ಒಂದು ವಾರದಲ್ಲಿ ಪತ್ರ ಬರೆಯುವಂತಾದೆ.

ಎರಡನೆಯದು, ಮಾತು. 'ಫೈಲ್' ಎಂಬುದಕ್ಕೆ ನಮ್ಮ ಅನುವಾದಕರು 'ಕಡತ' ಎಂದರು. ಬಟ್ಟೆಗೆ ಇದ್ದಿಲು, ಹುಣಿಸೆಬೀಜದ ಸರಿ ಬಳಿದು, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಹಿಂದಿನವರ ಪುಸ್ತಕವೇ ಕಡತ. ಇಂಥ ಪರಿಚಿತ ಶಬ್ದ ದೊರೆತಾಗ ಹೊಸ ಮನೆಯಲ್ಲಿ ಹಳೆಯ ನೆಂಟರು ಕಂಡಂತಾಗುತ್ತದೆ. ದೊರೆಯದಿದ್ದಾಗ ಬಿರುಸಾದ ಸಂಸ್ಕೃತ ಸಮಾಸವನ್ನು ಕಟ್ಟುವುದಕ್ಕಿಂತ ಜನ ಆಡುವ ಇಂಗ್ಲಿಷ್ ಶಬ್ದವೇ ಮೇಲು.

ಮೂರನೆಯದು, ಹೊಸಬನ ಕೈಗೆ ನಿಲುಕುವ ಸಣ್ಣ ಕೆಲಸ. ಅಂಥ ಕೆಲಸಗಳನ್ನು ಗುರುತು ಹಾಕಿ ಬೇರೆಯಾಗಿಡುವ ಪದ್ಧತಿ ಹಲವು ತಂತ್ರಾಂಶಗಳಲ್ಲಿ ಈಗ ಬಂದಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಸ್ವತಂತ್ರ ತಂತ್ರಾಂಶದ ಮೇಲೆಯೇ ನಿಂತಿರುವಂಥದು. ಅಲ್ಲಿ ಒಂದು ಕಾಗುಣಿತ ತಿದ್ದಿಯೂ ಕೆಲಸ ಮೊದಲುಮಾಡಬಹುದು. ನಾಲ್ಕನೆಯದು, ಮೊದಲ ಉತ್ತರ. ಅದು ಕಲಿಯಬಂದವನ ಭಾಷೆಯಲ್ಲಿದ್ದು, ಅವನು ಸರಿಯಾಗಿ ಕಂಡುದನ್ನು ಮೊದಲು ಒಪ್ಪಿಕೊಂಡು, ಆಮೇಲೆ ಕ್ರಮವನ್ನು ತಿಳಿಸಬೇಕು.

ಆ ಹುಡುಗಿಯೂ ನಾನೂ ನಿಘಂಟು ಹಿಡಿದು ಎರಡು ಸಂಜೆ ಕುಳಿತು ಆ ನಿಯಮಗಳನ್ನು ಓದಿದೆವು. ತಿದ್ದುಪಡಿಯನ್ನು ಮತ್ತೆ ಕಳುಹಿಸಿದಳು. ಈ ಸಲ ಬೇರೊಬ್ಬ ಸ್ವಯಂಸೇವಕರು ಕನ್ನಡದಲ್ಲಿ ಉತ್ತರಿಸಿ, ಒಂದು ಕೊರತೆಯನ್ನು ತೋರಿಸಿ, ಉಳಿದುದನ್ನು ತಾವೇ ಸರಿಪಡಿಸಿದರು. 'ಅಳಿಸು' ಹೋಗಿ 'ಉಳಿಸು' ಬಂದಿತು. ನಾವು ಓದಿ ತಿಳಿದುಕೊಂಡ ನಿಯಮಗಳನ್ನು ಅವಳು ಎರಡು ಪುಟಗಳ ಸರಳ ಕನ್ನಡದಲ್ಲಿ ಬರೆದಿಟ್ಟಿದ್ದಾಳೆ. ಅವಳ ಕಾಲೇಜಿನ ಇನ್ನಿಬ್ಬರು ಈಗ ಅದನ್ನು ಓದುತ್ತಿದ್ದಾರೆ.

ಗಣಕಶಾಸ್ತ್ರ ಬಾರದ ನಮ್ಮಂಥವರು ಮಾಡಬಹುದಾದ ಕೆಲಸವೂ ಇದೇ. ತಂತ್ರಾಂಶ ಕಟ್ಟುವುದು ನಮ್ಮಿಂದಾಗದಿರಬಹುದು. ಒಂದು ಒಳ್ಳೆಯ ಶಬ್ದ ಸೂಚಿಸುವುದು, ಒಂದು ತೊಡಕಿನ ವಾಕ್ಯವನ್ನು ಬಿಡಿಸಿ ಬರೆಯುವುದು, ಸಂಕೋಚದಿಂದ ನಿಂತವರ ಪಕ್ಕದಲ್ಲಿ ಎರಡು ಸಂಜೆ ಕೂಡುವುದು ಆದೀತು. ಗಡಿಗೆಗಳನ್ನು ಬೇರೆಯವರು ತುಂಬಿಟ್ಟಿದ್ದಾರೆ. ಕರೆಯುವ ಕೆಲಸವನ್ನಾದರೂ ನಾವು ವಹಿಸಿಕೊಳ್ಳೋಣ.