ತಮಟೆಯೂ ಒಂದು ವಿದ್ಯೆ



ಊರಲ್ಲಿ ಜಾತ್ರೆ ಶುರುವಾಯ್ತು ಅಂತ ನಮಗೆ ಹೇಗೆ ಗೊತ್ತಾಗುತ್ತೆ? ಯಾರಾದರೂ ಮನೆಗೆ ಬಂದು ಹೇಳಬೇಕಾ? ಬೇಡ. ತಮಟೆ ಸದ್ದು ಕೇಳಿದರೆ ಸಾಕು. ಒಲೆ ಮುಂದೆ ಕೂತಿದ್ದರೂ ಅದು ಕೇಳುತ್ತೆ. ಹೊಲದಲ್ಲಿ ಕಳೆ ತೆಗೆಯುತ್ತಿದ್ದರೂ ಕೇಳುತ್ತೆ. ಮಕ್ಕಳು ಆ ಕಡೆಗೆ ಓಡುತ್ತವೆ. ನಮ್ಮ ಕಾಲೂ ನಿಂತಲ್ಲೇ ಕುಣಿಯುತ್ತೆ.

ತಮಟೆ ಇಲ್ಲದೆ ಮಾರಮ್ಮನ ಹಬ್ಬ ಇಲ್ಲ. ಉರುಮೆ ಇಲ್ಲದೆ ದೇವರು ಹೊಳೆಗೆ ಹೊರಡುವುದಿಲ್ಲ. ಡೊಳ್ಳು ಇಲ್ಲದೆ ಬೀರಪ್ಪನ ಪೂಜೆ ಇಲ್ಲ. ಹಿರಿಯೂರಿನ ತೇರುಮಲ್ಲೇಶ್ವರನ ತೇರೇ ಇರಲಿ, ಹೊಳಲ್ಕೆರೆ, ಹೊಸದುರ್ಗದ ಸಣ್ಣ ಹಳ್ಳಿಯ ಹಬ್ಬವೇ ಇರಲಿ, ಮುಂದೆ ವಾದ್ಯ ಇರಲೇಬೇಕು.

ಸರಿ. ವಾದ್ಯ ಮುಂದೆ ಇರುತ್ತೆ. ಆದರೆ ಅದನ್ನು ಬಾರಿಸಿದವರು ಎಲ್ಲಿ ಉಣ್ಣುತ್ತಿದ್ದರು? ಎಲ್ಲಿ ಮಲಗುತ್ತಿದ್ದರು? ಅವರಿಗೆ ಏನು ಸಿಗುತ್ತಿತ್ತು? ಈ ಪಾಠದಲ್ಲಿ ಅದನ್ನು ತಿಳಿಯೋಣ.

ಇಲ್ಲಿ ನಾವು ಒಬ್ಬ ಅಜ್ಜನ ಮಾತು ಬರೆದಿದ್ದೇವೆ. ಅಜ್ಜನ ಹೆಸರು ಹಾಕಿಲ್ಲ. ಏಕೆಂದರೆ ಇದು ಒಬ್ಬರ ಕಥೆ ಅಲ್ಲ. ಚಿತ್ರದುರ್ಗ ಸೀಮೆಯಲ್ಲಿ ತಮಟೆ ಹಿಡಿದು ಮುಪ್ಪಾದ ಎಷ್ಟೋ ಜನರ ಬದುಕು ಹೀಗೇ ಇತ್ತು. ಅವರೆಲ್ಲರನ್ನೂ ಸೇರಿಸಿ "ಅಜ್ಜ" ಅಂತ ಕರೆದಿದ್ದೇವೆ.

ತಮಟೆ ಹೇಗೆ ಆಗುತ್ತೆ?

ತಮಟೆ ನೋಡಲು ಜರಡಿಯ ಹಾಗೆ ದುಂಡಗಿರುತ್ತೆ. ಮರದ ಇಲ್ಲವೇ ಕಬ್ಬಿಣದ ಬಳೆ. ಅದಕ್ಕೆ ಒಂದೇ ಕಡೆ ಚರ್ಮ. ಚರ್ಮವನ್ನು ನೀರಲ್ಲಿ ನೆನೆಸಬೇಕು. ಕೂದಲು ತೆಗೆಯಬೇಕು. ಬಳೆಗೆ ಬಿಗಿಯಾಗಿ ಎಳೆದು ಒಣಗಿಸಬೇಕು. ಅಂಟಿಸಲು ಹುಣಸೆ ಬೀಜದ ಅಂಟು ಬಳಸುವವರೂ ಉಂಟು. ಬಾರಿಸಲು ಎರಡು ಕೋಲು ಬೇಕು. ಒಂದು ದಪ್ಪ, ಗಿಡ್ಡ. ಇನ್ನೊಂದು ತೆಳ್ಳಗೆ, ಉದ್ದ. ದಪ್ಪ ಕೋಲು "ಡಂ" ಅನ್ನುತ್ತೆ. ತೆಳ್ಳನೆ ಕಡ್ಡಿ "ಟಕ ಟಕ" ಅನ್ನುತ್ತೆ.

ಬಾರಿಸುವ ಮೊದಲು ತಮಟೆಯನ್ನು ಬೆಂಕಿಗೆ ಹಿಡಿಯುವುದನ್ನು ನೀವು ನೋಡಿರಬಹುದು. ಅದು ಯಾಕೆ ಗೊತ್ತಾ? ಚರ್ಮ ಗಾಳಿಯಲ್ಲಿರುವ ತೇವ ಹೀರುತ್ತೆ. ತೇವ ಹೀರಿದರೆ ಸಡಿಲ ಆಗುತ್ತೆ. ಆಗ ಸದ್ದು ಸತ್ತುಹೋಗುತ್ತೆ. ಬೆಂಕಿ ಕಾವಿಗೆ ತೇವ ಆರುತ್ತೆ. ಚರ್ಮ ಬಿಗಿಯುತ್ತೆ. ಸದ್ದು ಗಟ್ಟಿಯಾಗಿ ಏಳುತ್ತೆ. ಕಾವು ಕಡಿಮೆಯಾದರೆ ಸದ್ದಿಲ್ಲ. ಹೆಚ್ಚಾದರೆ ಚರ್ಮ ಹರಿಯುತ್ತೆ. ಹದ ತಿಳಿದಿರಬೇಕು. ರೊಟ್ಟಿ ಬೇಯಿಸುವ ನಮಗೆ ಈ ಹದದ ಬೆಲೆ ಗೊತ್ತು, ಅಲ್ವಾ?

ಉರುಮೆ ಬೇರೆ ಥರ. ಅದಕ್ಕೆ ಎರಡು ಕಡೆ ಚರ್ಮ. ಕೊರಳಿಗೆ ತೂಗುಹಾಕಿಕೊಳ್ಳುತ್ತಾರೆ. ಒಂದು ಕಡೆ ಕೋಲಿನಿಂದ ಹೊಡೆಯುತ್ತಾರೆ. ಇನ್ನೊಂದು ಕಡೆ ಡೊಂಕು ಕಡ್ಡಿಯಿಂದ ಉಜ್ಜುತ್ತಾರೆ. ಆಗ "ಗುಂಯ್" ಅಂತ ಗೂಳಿ ಗುಟುರು ಹಾಕಿದ ಹಾಗೆ ಸದ್ದು ಬರುತ್ತೆ.

ಕೈಗೆ ಅಕ್ಷರ ಕಲಿಸಿದ ಹಾಗೆ

ಅಜ್ಜ ಶಾಲೆಗೆ ಹೋಗಲಿಲ್ಲ. ತಮಟೆ ಕಲಿತದ್ದು ಅಪ್ಪನಿಂದ. ಮೊದಲು ಕೈಗೆ ತಮಟೆ ಕೊಡಲಿಲ್ಲ. ನೆಲದ ಮೇಲೆ ಕಡ್ಡಿಯಿಂದ ತಟ್ಟಬೇಕಿತ್ತು. ಬಾಯಲ್ಲಿ ಹೇಳಬೇಕಿತ್ತು. ಬಾಯಿಗೆ ಬಂದದ್ದು ಕೈಗೆ ಬರಬೇಕಿತ್ತು. ಆಮೇಲೆ ಕಾಲು ಹೆಜ್ಜೆ ಹಾಕಬೇಕಿತ್ತು.

"ಬಾಯಿ, ಕೈ, ಕಾಲು ಮೂರೂ ಒಂದಾಗ್ಬೇಕು ಕಣವ್ವಾ. ಆಗ್ಲೇ ಅದು ತಮಟೆ. ಇಲ್ದಿದ್ರೆ ಬರೀ ಗದ್ಲ" ಅನ್ನುತ್ತಾರೆ ಅಜ್ಜ.

ನಾವು ಅಕ್ಷರ ಕಲಿತದ್ದೂ ಹೀಗೇ ಅಲ್ವಾ? ಮೊದಲು ಒಂದೊಂದೇ ಅಕ್ಷರ. ಆಮೇಲೆ ಎರಡು ಅಕ್ಷರ ಕೂಡಿಸಿ ಪದ. ಪದ ಕೂಡಿಸಿ ಮಾತು. ತಮಟೆಯಲ್ಲೂ ಒಂದೊಂದೇ ಪೆಟ್ಟು ಕೂಡಿ ಮಾತಾಗುತ್ತೆ. ಮದುವೆಗೆ ಒಂದು ಬಡಿತ. ದೇವರಿಗೆ ಒಂದು ಬಡಿತ. ಸಾವಿಗೆ ಒಂದು ಬಡಿತ. ಊರಿಗೆ ಸುದ್ದಿ ಸಾರಲು ಇನ್ನೊಂದು. ಬಲ್ಲವರು ದೂರದಿಂದ ಕೇಳಿಯೇ ಹೇಳುತ್ತಿದ್ದರು, "ಇವತ್ತು ಯಾರೋ ಹೋದರು" ಅಂತ. ಪೇಪರ್ ಇಲ್ಲದ, ಫೋನ್ ಇಲ್ಲದ ಕಾಲದಲ್ಲಿ ಊರಿಗೆ ಸುದ್ದಿ ಮುಟ್ಟಿಸಿದ್ದು ಈ ತಮಟೆ.

ತಂಡದಲ್ಲಿ ಬಾರಿಸುವುದು ಇನ್ನೂ ಕಷ್ಟ. ಮುಂದಾಳು ಕಣ್ಣಲ್ಲೇ ಸನ್ನೆ ಮಾಡುತ್ತಾನೆ. ಬಡಿತ ಬದಲಾಗುತ್ತೆ. ಎಲ್ಲರೂ ಒಟ್ಟಿಗೆ ಬದಲಾಯಿಸಬೇಕು. ಒಬ್ಬ ತಪ್ಪಿದರೆ ಎಲ್ಲರಿಗೂ ತಪ್ಪುತ್ತೆ. ಜಾತ್ರೆಯಲ್ಲಿ ರಾತ್ರಿಯಿಂದ ಬೆಳಗಿನವರೆಗೂ ಬಾರಿಸಬೇಕು. ಬೆರಳು ಬೊಬ್ಬೆ ಬರುತ್ತೆ. ಹೆಗಲು ನೋಯುತ್ತೆ. ಒಬ್ಬರಿಗೆ ಸುಸ್ತಾದರೆ ಇನ್ನೊಬ್ಬರು ಹಿಡಿಯುತ್ತಾರೆ. ಸದ್ದು ಮಾತ್ರ ನಿಲ್ಲಬಾರದು. ತಂಡ ಅಂದರೆ ಅದೇ.

ಕಹಳೆ ಊದಿದವನು, ಒನಕೆ ಹಿಡಿದವಳು

ತಮಟೆ, ನಗಾರಿಯ ಜೊತೆಗೆ ಊದುವ ವಾದ್ಯವೂ ಇದೆ. ಕೊಂಬು, ಕಹಳೆ. ಇವು ಬರೀ ಹಬ್ಬದ ವಾದ್ಯ ಅಲ್ಲ. ಹಿಂದೆ ಯುದ್ಧದಲ್ಲಿ ಇವೇ ಎಚ್ಚರಿಕೆ ಗಂಟೆ. ದೂರದ ಸೈನಿಕರಿಗೆ ಬಾಯಿಂದ ಕೂಗಿದರೆ ಕೇಳುತ್ತಾ? ಕಹಳೆ ಕೇಳುತ್ತೆ. ನಗಾರಿ ಕೇಳುತ್ತೆ.

ಒನಕೆ ಓಬವ್ವನ ಕಥೆ ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಹೈದರಾಲಿಯ ಸೈನ್ಯ ಚಿತ್ರದುರ್ಗದ ಕೋಟೆಗೆ ಮುತ್ತಿಗೆ ಹಾಕಿತ್ತು. ಮದಕರಿ ನಾಯಕನ ಕಾಲ. ಓಬವ್ವನ ಗಂಡ ಕೋಟೆಯ ಕಾವಲುಗಾರ. ಜನ ಅವನನ್ನು ಕಹಳೆ ಮುದ್ದಹನುಮ ಅಂತ ನೆನೆಯುತ್ತಾರೆ. ಕಹಳೆ ಊದುವುದು ಅವನ ಕೆಲಸ. ಅವನು ಊಟಕ್ಕೆ ಬಂದಿದ್ದ. ಓಬವ್ವ ನೀರು ತರಲು ಹೋದಳು. ಕಿಂಡಿಯಲ್ಲಿ ಶತ್ರುಗಳು ಒಬ್ಬೊಬ್ಬರಾಗಿ ನುಸುಳುವುದು ಕಂಡಿತು. ಮುಂದಿನದು ನಿಮಗೇ ಗೊತ್ತು. ಒನಕೆ ಹಿಡಿದು ನಿಂತಳು. ಆ ಕೋಟೆ 1779ರಲ್ಲಿ ಹೈದರಾಲಿಯ ಕೈಗೆ ಹೋಯಿತು. ಆದರೆ ಓಬವ್ವನ ಹೆಸರು ಉಳಿಯಿತು. ಕಹಳೆ ಊದುವ ಒಬ್ಬ ಬಡವನ ಮನೆಯಿಂದ ಬಂದ ಹೆಸರು ಅದು.

ಬೇರೆ ದೇಶದಲ್ಲೂ ಹೀಗೇ. ಅಲ್ಲಿಯ ಸೈನ್ಯದಲ್ಲಿ ಡ್ರಮ್ಮು, ಬ್ಯೂಗಲ್ ಇದ್ದವು. 1914ರಿಂದ 1918ರವರೆಗೆ ದೊಡ್ಡ ಯುದ್ಧ ನಡೆಯಿತು. ಯುದ್ಧ ಮುಗಿದು ಅಮೆರಿಕದ ಸೈನಿಕರು ಊರಿಗೆ ಬಂದರು. ಅವರು ಅಲ್ಲಲ್ಲಿ ಡ್ರಮ್ಮು, ಬ್ಯೂಗಲ್ಲಿನ ತಂಡ ಕಟ್ಟಿಕೊಂಡರು. ಮೆರವಣಿಗೆಯಲ್ಲಿ ಬಾರಿಸಿದರು. ಸ್ಪರ್ಧೆ ಮಾಡಿದರು. ಆ ತಂಡಗಳಲ್ಲಿ ಇದ್ದವರು ಮುದುಕರಾದ ಮೇಲೂ ಹೆಮ್ಮೆಯಿಂದ ಅದನ್ನು ನೆನೆಯುತ್ತಾರೆ. ನಮ್ಮ ಶಾಲೆಯ ಮಕ್ಕಳು ಆಗಸ್ಟ್ 15ರಂದು ಡ್ರಮ್ಮು ಬಾರಿಸಿ ಹೆಜ್ಜೆ ಹಾಕುತ್ತಾರಲ್ಲ, ಅದೂ ಇದೇ ಜಾತಿಯ ತಂಡ.

ಶಾಲೆಯ ಡ್ರಮ್ಮನ್ನು ಕೊರಳಿಗೆ ಹಾಕಿಕೊಂಡ ಮಗುವಿಗೆ ನಾವು ಚಪ್ಪಾಳೆ ತಟ್ಟುತ್ತೇವೆ. ಅದರ ಫೋಟೋ ತೆಗೆಸುತ್ತೇವೆ. ಹಾಗಾದರೆ ತಮಟೆ ಹಿಡಿದ ಅಜ್ಜನಿಗೆ ಯಾಕೆ ಆ ಮರ್ಯಾದೆ ಸಿಗಲಿಲ್ಲ?

ಸದ್ದು ಬೇಕು, ಮನುಷ್ಯ ಬೇಡ

ಕಾರಣ ಜಾತಿ. ತಮಟೆಯನ್ನು ಒಂದು ಜಾತಿಯ ಮೇಲೆ ಹೊರಿಸಿದ್ದರು. ಇಷ್ಟ ಇರಲಿ, ಇಲ್ಲದಿರಲಿ, ಊರು ಕರೆದಾಗ ಹೋಗಬೇಕಿತ್ತು. ಜ್ವರ ಬಂದಿದ್ದರೂ ಹೋಗಬೇಕಿತ್ತು. ಕೂಲಿ ಅಂತ ಇರಲಿಲ್ಲ. ಇದಕ್ಕೆ ಬಿಟ್ಟಿ ಚಾಕರಿ ಅನ್ನುತ್ತಾರೆ.

"ಸುಗ್ಗೀಲಿ ಕಣದ ಹತ್ರ ಹೋಗಿ ನಿಲ್ತಿದ್ವಿ. ಮೊರದಾಗೆ ಒಂದಿಷ್ಟು ರಾಗಿ ಹಾಕೋರು. ಅದೇ ವರ್ಸದ ಸಂಬ್ಳ" ಅನ್ನುತ್ತಾರೆ ಅಜ್ಜ. "ದೇವ್ರು ಗುಡಿ ಒಳ್ಗೆ. ನಾವು ಗುಡಿ ಹೊರ್ಗೆ. ನಮ್ ಸದ್ದು ಮಾತ್ರ ಒಳಕ್ ಹೋಗ್ತಿತ್ತು. ಎಲ್ರೂ ಉಂಡಾದ್ಮೇಲೆ ನಮ್ಗೆ ಊಟ. ಅದೂ ದೂರದಾಗೆ."

ಆ ಮನೆಯ ಹೆಂಗಸರ ದುಡಿಮೆ ಯಾರ ಕಣ್ಣಿಗೂ ಬೀಳಲಿಲ್ಲ. ಚರ್ಮ ನೆನೆಹಾಕಲು ನೀರು ಹೊತ್ತವರು ಅವರು. ಕಾಯಿಸಲು ಸೌದೆ, ಸೋಗೆ ಹೊಂದಿಸಿದವರು ಅವರು. ಗಂಡ ಜಾತ್ರೆಗೆ ಹೋದಾಗ ಕೂಲಿ ಮಾಡಿ ಮಕ್ಕಳ ಹೊಟ್ಟೆ ತುಂಬಿಸಿದವರೂ ಅವರೇ.

ಇದು ಹಣೆಬರಹ ಅಲ್ಲ. ಇದು ತಪ್ಪು. ನಮ್ಮ ದೇಶದ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು. ಅಸ್ಪೃಶ್ಯತೆ ಇರಕೂಡದು ಅಂತ ಅದು ಹೇಳಿತು. ಬಿಟ್ಟಿ ಚಾಕರಿಯೂ ಕೂಡದು ಅಂತ ಹೇಳಿತು. 1989ರಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಮೇಲಿನ ದೌರ್ಜನ್ಯ ತಡೆಯಲು ಇನ್ನೊಂದು ಕಾನೂನು ಬಂತು. ಬಲವಂತವಾಗಿ ಬಿಟ್ಟಿ ದುಡಿಸಿಕೊಂಡರೆ ಶಿಕ್ಷೆ ಉಂಟು. ತಮಟೆ ಬಾರಿಸುವುದೂ, ಬಿಡುವುದೂ ಅವರವರ ಇಷ್ಟ. ಯಾರೂ ಬಲವಂತ ಮಾಡುವಂತಿಲ್ಲ.

ತಮಟೆ ಎದ್ದು ನಿಂತಿತು

1970ರ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಪ್ರೊ. ಬಿ. ಕೃಷ್ಣಪ್ಪ ಮುಖ್ಯರು. ಅವರು ಹರಿಹರದವರು. 1997ರವರೆಗೂ ಹರಿಹರ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಆ ಹೋರಾಟದ ಕಾಲದಲ್ಲಿ ಕೆಲವರು "ಇನ್ನು ತಮಟೆ ಮುಟ್ಟೋದಿಲ್ಲ" ಅಂದರು. ಅವಮಾನ ಸಾಕಾಗಿತ್ತು. ಇನ್ನು ಕೆಲವರು ಅದೇ ತಮಟೆ ಹಿಡಿದು ಹೋರಾಟದ ಹಾಡು ಹಾಡಿದರು. ಎರಡೂ ಸರಿಯೇ. ಇಬ್ಬರೂ ಕೇಳಿದ್ದು ಮರ್ಯಾದೆಯನ್ನೇ.

1990ರ ದಶಕದಲ್ಲಿ ಸಾಕ್ಷರತಾ ಆಂದೋಲನ ಬಂತು. ಕಲಾಜಾಥಾ ತಂಡಗಳು ಊರೂರಿಗೆ ಹೋದವು. ತಮಟೆ ಬಾರಿಸಿ ಜನರನ್ನು ಸೇರಿಸಿದವು. "ಓದು ಕಲಿಯಿರಿ" ಅಂತ ಹಾಡಿದವು. ಓದಲು ಬಾರದವರ ಕೈಯ ವಾದ್ಯವೇ ಊರಿಗೆಲ್ಲ ಓದು ತಂದಿತು.

2022ರಲ್ಲಿ ಇನ್ನೊಂದು ಒಳ್ಳೆಯ ಸುದ್ದಿ ಬಂತು. ಚಿಕ್ಕಬಳ್ಳಾಪುರ ಜಿಲ್ಲೆಯ ಹಿರಿಯ ತಮಟೆ ವಾದಕ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಿಕ್ಕಿತು. ಅದು ಕೇಂದ್ರ ಸರ್ಕಾರ ಕೊಡುವ ದೊಡ್ಡ ಗೌರವ. ಊರಾಚೆ ನಿಂತಿದ್ದ ತಮಟೆಗೆ ದೆಹಲಿಯಲ್ಲಿ ಮರ್ಯಾದೆ ಆಯಿತು.

ಕಾಗದ ಇಲ್ಲದ ಕಷ್ಟ

ಎಲ್ಲರಿಗೂ ಪ್ರಶಸ್ತಿ ಬರುವುದಿಲ್ಲ. ಆದರೆ ಮುಪ್ಪಿನಲ್ಲಿ ಗಂಜಿಗೆ ದಾರಿ ಬೇಕಲ್ಲ? ಕಷ್ಟದಲ್ಲಿರುವ ವಯಸ್ಸಾದ ಕಲಾವಿದರಿಗೆ ಸರ್ಕಾರ ತಿಂಗಳು ತಿಂಗಳು ಹಣ ಕೊಡುತ್ತೆ. ಅದಕ್ಕೆ ಮಾಸಾಶನ ಅನ್ನುತ್ತಾರೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಇದನ್ನು ನೋಡಿಕೊಳ್ಳುತ್ತೆ.

ಅರ್ಜಿ ಹಾಕಲು ಮೂರು ವಿಷಯಕ್ಕೆ ದಾಖಲೆ ಬೇಕು. ವಯಸ್ಸು ಎಷ್ಟು? ವರಮಾನ ಎಷ್ಟು? ಕಲೆಯಲ್ಲಿ ಎಷ್ಟು ಕಾಲ ದುಡಿದಿದ್ದೀರಿ? ಅಜ್ಜ ಸಿಕ್ಕಿಕೊಂಡದ್ದು ಮೂರನೆಯ ಪ್ರಶ್ನೆಯಲ್ಲಿ.

"ಐವತ್ತು ವರ್ಸ ಬಾರಿಸ್ದೆ ಕಣವ್ವಾ. ಒಂದು ಚೀಟಿ ಇಲ್ಲ. ಕೈ ತೋರಿಸ್ಲಾ ಅವ್ರಿಗೆ?"

ಅಜ್ಜನ ಕೈಯಲ್ಲಿ ಗಡ್ಡೆ ಕಟ್ಟಿದೆ. ಅದೇ ಅವರ ದಾಖಲೆ. ಆದರೆ ಕಚೇರಿಗೆ ಕಾಗದ ಬೇಕು.

ಇಲ್ಲಿ ನಮ್ಮ ನಿಮ್ಮ ಓದು ಕೆಲಸಕ್ಕೆ ಬರುತ್ತೆ. ನಿಮ್ಮ ಮನೆಯಲ್ಲಿ ಕಲಾವಿದರು ಇದ್ದಾರಾ? ಪಕ್ಕದ ಮನೆಯಲ್ಲಿ ಇದ್ದಾರಾ? ಹಾಗಿದ್ದರೆ ಇವತ್ತಿನಿಂದಲೇ ಹೀಗೆ ಮಾಡಿ.

ಒಂದು. ಜಾತ್ರೆ, ಉತ್ಸವಕ್ಕೆ ಕರೆದ ಪತ್ರ, ಹೆಸರಿರುವ ಕರಪತ್ರ ಬಂದರೆ ಒಲೆಗೆ ಹಾಕಬೇಡಿ. ಒಂದು ಚೀಲದಲ್ಲಿ ತೆಗೆದಿಡಿ.

ಎರಡು. ಬಾರಿಸುವಾಗಿನ ಫೋಟೋ ತೆಗೆಸಿ. ಹಿಂದೆ ಊರು, ತಾರೀಕು ಬರೆಯಿರಿ.

ಮೂರು. ಪೇಪರಿನಲ್ಲಿ ಹೆಸರು ಬಂದರೆ ಕತ್ತರಿಸಿ ಇಡಿ.

ನಾಲ್ಕು. ಕಾರ್ಯಕ್ರಮ ಮಾಡಿಸಿದವರಿಂದ ಒಂದು ಪತ್ರ ಕೇಳಿ ಪಡೆಯಿರಿ. ಕೇಳಲು ನಾಚಿಕೆ ಬೇಡ.

ಐದು. ನಿಯಮಗಳು ಆಗಾಗ ಬದಲಾಗುತ್ತವೆ. ಚಿತ್ರದುರ್ಗದಲ್ಲಿರುವ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅರ್ಜಿಯನ್ನು ನೀವೇ ಓದಿ. ಓದಿದ ಮೇಲೆ ಸಹಿ ಮಾಡಿಸಿ. ಹೆಬ್ಬೆಟ್ಟು ಒತ್ತುವ ಮೊದಲು ಅದರಲ್ಲಿ ಏನಿದೆ ಅಂತ ತಿಳಿದಿರಬೇಕು.

ಹೆಣ್ಣು ಕೈಗೂ ತಮಟೆ

"ಹೆಂಗಸರು ವಾದ್ಯ ಮುಟ್ಟಬಾರದು" ಅಂತ ಹಿಂದೆ ಹೇಳುತ್ತಿದ್ದರು. ಈಗ ಕರ್ನಾಟಕದಲ್ಲಿ ಮಹಿಳೆಯರ ಡೊಳ್ಳು ತಂಡಗಳಿವೆ. ದೊಡ್ಡ ದೊಡ್ಡ ಮೆರವಣಿಗೆಯಲ್ಲಿ ಅವರು ಬಾರಿಸುತ್ತಾರೆ. ಡೊಳ್ಳು ಹಗುರ ಅಲ್ಲ. ಆದರೆ ಎರಡು ಕೊಡ ನೀರು ಹೊತ್ತು ನಡೆದ ಸೊಂಟಕ್ಕೆ ಅದೇನು ಭಾರ?

ಬಿಹಾರದಲ್ಲಿ ಪಟ್ನಾ ಊರಿನ ಹತ್ತಿರ ಢೀಬ್ರಾ ಅಂತ ಒಂದು ಹಳ್ಳಿ. ಅಲ್ಲಿಯ ದಲಿತ ಹೆಂಗಸರು ಹೊಲದಲ್ಲಿ ಕೂಲಿ ಮಾಡುತ್ತಿದ್ದರು. ಸಮಾಜ ಸೇವಕಿ ಸುಧಾ ವರ್ಗೀಸ್ ಅವರ ಬೆಂಬಲದಿಂದ ಒಂದು ಬ್ಯಾಂಡ್ ತಂಡ ಕಟ್ಟಿದರು. ಮೊದಲು ಊರು ನಕ್ಕಿತು. ಅವರು ಕಲಿಯುವುದು ಬಿಡಲಿಲ್ಲ. ಆಮೇಲೆ ಮದುವೆ, ಸಮಾರಂಭಕ್ಕೆ ಅವರನ್ನೇ ಕರೆದರು. ಬಾರಿಸಿದ್ದಕ್ಕೆ ಹಣ ಬಂತು. ಹಣದ ಜೊತೆ ಮರ್ಯಾದೆಯೂ ಬಂತು.

2024ರ ಜನವರಿ 26. ದೆಹಲಿಯ ಗಣರಾಜ್ಯೋತ್ಸವದ ಮೆರವಣಿಗೆ. ಆ ವರ್ಷ ಮೆರವಣಿಗೆಯನ್ನು ಶುರು ಮಾಡಿದ್ದು ನೂರಕ್ಕೂ ಹೆಚ್ಚು ಮಹಿಳಾ ಕಲಾವಿದರು. ಶಂಖ ಊದಿದರು. ನಾದಸ್ವರ ನುಡಿಸಿದರು. ನಗಾರಿ ಬಾರಿಸಿದರು. ಹೀಗೆ ಆದದ್ದು ಅದೇ ಮೊದಲು. ಇಡೀ ದೇಶ ನೋಡಿತು.

ಅಜ್ಜನನ್ನು ನಾವು ಕೇಳಿದೆವು: "ಹೆಣ್ಣುಮಕ್ಕಳು ಕಲಿಯೋಕೆ ಬಂದ್ರೆ ಕಲಿಸ್ತೀರಾ?"

ಅಜ್ಜ ನಕ್ಕರು. "ಕಲಿಯೋರ್ಗೆ ಕೈ ಇದ್ರೆ ಸಾಕು ಕಣವ್ವಾ. ಆದ್ರೆ ಒಂದ್ ಮಾತು. ಬಿಟ್ಟಿ ಬಾರಿಸ್ಬ್ಯಾಡ್ರಿ. ಕೂಲಿ ಕೇಳ್ರಿ. ಎಲ್ರ ಜತೆ ಕೂತು ಉಣ್ರಿ."

ತಂಗಿಯರೇ, ವಿದ್ಯೆಗೆ ಜಾತಿ ಇಲ್ಲ. ಗಂಡು ಹೆಣ್ಣು ಅಂತ ಇಲ್ಲ. ಮುಂದಿನ ಜಾತ್ರೆಯಲ್ಲಿ ತಮಟೆ ಕೇಳಿದಾಗ ಬಾರಿಸುವವರ ಮುಖವನ್ನೂ ನೋಡೋಣ. ಅವರ ಹೆಸರು ಕೇಳೋಣ. ನಮ್ಮ ಪಂಕ್ತಿಯಲ್ಲೇ ಎಲೆ ಹಾಕೋಣ.

ಓದಿ ಆಯ್ತು, ಈಗ ಕೂತು ಮಾತಾಡಿ:

1. ನಿಮ್ಮ ಊರಲ್ಲಿ ಯಾವ ಯಾವ ವಾದ್ಯ ಬಾರಿಸುತ್ತಾರೆ? ಹೆಸರು ಬರೆಯಿರಿ.

2. ಬಾರಿಸುವವರಿಗೆ ಕೂಲಿ ಸಿಗುತ್ತಾ? ಊಟ ಎಲ್ಲಿ ಬಡಿಸುತ್ತಾರೆ?

3. ನಿಮ್ಮ ಊರಿನ ವಯಸ್ಸಾದ ಕಲಾವಿದರಿಗೆ ಮಾಸಾಶನ ಬರುತ್ತಾ? ಇಲ್ಲದಿದ್ದರೆ ಅರ್ಜಿ ಬರೆಯಲು ಯಾರು ನೆರವಾಗುತ್ತೀರಿ?

4. ನಿಮ್ಮ ಗುಂಪಿನಲ್ಲಿ ತಮಟೆ ಇಲ್ಲವೇ ಡೊಳ್ಳು ಕಲಿಯಲು ಯಾರಿಗೆ ಆಸೆ ಇದೆ?