ಏದುಸಿರು ಬರುವವರು ನಡೆಯಬಾರದೆ?

ಹೃದಯ, ಶ್ವಾಸಕೋಶಗಳೆರಡೂ ದುರ್ಬಲವಾದ ಹಿರಿಯರು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಲಿಂಗಪೂಜೆ ಮುಗಿಸಿ ಮಣೆಯಿಂದ ಏಳುವಷ್ಟರಲ್ಲಿಯೇ ಅವರಿಗೆ ಏದುಸಿರು. ಮಗ, ಸೊಸೆ ಓಡಿಬಂದು, "ನೀವೇನೂ ಮಾಡಬೇಡಿರಿ, ಸುಮ್ಮನೆ ಮಲಗಿಕೊಳ್ಳಿರಿ" ಎನ್ನುತ್ತಾರೆ. ಆ ಮಾತಿನಲ್ಲಿ ಅಕ್ಕರೆಯಿದೆ; ಅಪಾಯವೂ ಇದೆಯೆಂಬುದನ್ನು ನಾವು ಅರಿಯಬೇಕಾಗಿದೆ.

ಬೀಡಿ, ಸಿಗರೇಟುಗಳ ಹೊಗೆ ಈ ಎರಡು ಅವಯವಗಳನ್ನೂ ಕೆಡಿಸುತ್ತದೆ. ಬೀಡಿ ಮುಟ್ಟದ ತಾಯಂದಿರಿಗೂ ಬಹುಕಾಲ ಸೌದೆ ಒಲೆಯ ಮುಂದೆ ಕುಳಿತುದರ ಫಲವಾಗಿ ಶ್ವಾಸಕೋಶದ ದೀರ್ಘರೋಗ ಬರುವುದುಂಟು. ಉಸಿರು ಸಾಲದೆಂದು ರೋಗಿ ಕುಳಿತುಬಿಟ್ಟರೆ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯುಗಳು ಅಲ್ಪ ಕೆಲಸಕ್ಕೂ ಹೆಚ್ಚು ಉಸಿರನ್ನು ಬೇಡುತ್ತವೆ. ಕೊನೆಗೆ ಬಚ್ಚಲಿಗೆ ಹೋಗಿಬರುವುದೇ ಒಂದು ಯಾತ್ರೆಯಾಗುತ್ತದೆ. ವ್ಯಾಯಾಮವು ಕೆಟ್ಟ ಶ್ವಾಸಕೋಶವನ್ನು ಹೊಸದಾಗಿಸದು. ಕಾಲುಗಳಿಗೆ ಬಲ ತುಂಬಿ, ಇದ್ದ ಉಸಿರಿನಲ್ಲಿಯೇ ಇನ್ನಷ್ಟು ದೂರ ನಡೆಯಿಸುತ್ತದೆ.

ಹಿಂದೆ ವೈದ್ಯರೂ ವಿಶ್ರಾಂತಿಯನ್ನೇ ವಿಧಿಸುತ್ತಿದ್ದರು. ಹೃದಯಾಘಾತವಾದವರನ್ನು ವಾರಗಟ್ಟಲೆ ಮಲಗಿಸುತ್ತಿದ್ದ ಕಾಲದಲ್ಲಿ, ಅವರನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಬಹುದೆಂದು ಅಮೆರಿಕದ ಲೆವಿನ್ ಮತ್ತು ಲೌನ್ ಎಂಬ ವೈದ್ಯರು 1952ರಲ್ಲಿ ಬರೆದರು. ಕುರ್ಚಿಯಲ್ಲಿ ಕೂರಿಸುವುದೇ ಅಂದು ಸಾಹಸವಾಗಿತ್ತು!

ಎರಡೂ ರೋಗಗಳು ಕೂಡಿದವರ ಮೇಲೆ ಇಟಲಿಯಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. 112 ಜನರಲ್ಲಿ ಅರ್ಧದಷ್ಟು ಮಂದಿ ನಾಲ್ಕು ತಿಂಗಳು ತಮ್ಮ ಮನೆಗಳಲ್ಲಿಯೇ ಸಣ್ಣ ಪೆಡಲು ಯಂತ್ರ ತುಳಿದರು, ನಡೆದರು. ನರ್ಸು ಹಾಗೂ ಫಿಸಿಯೋಥೆರಪಿಸ್ಟರು ವಾರವಾರವೂ ದೂರವಾಣಿಯಲ್ಲಿ ವಿಚಾರಿಸುತ್ತಿದ್ದರು. ಆರು ನಿಮಿಷಗಳಲ್ಲಿ ಅವರು ನಡೆಯುವ ದೂರ ಸರಾಸರಿ 60 ಮೀಟರು ಹೆಚ್ಚಿತು, ಉಳಿದವರದು ಹೆಚ್ಚಲಿಲ್ಲ. ಅರವತ್ತು ಮೀಟರೆಂದರೆ ಅಷ್ಟೇನು ಎನ್ನಬಾರದು. ಮನೆ ಹಿಡಿದು ಕುಳಿತವರಿಗೆ ಅದು ಓಣಿಯ ಕೊನೆಯ ಮನೆಯ ನೆಂಟಸ್ತನ.

ಆದರೆ ಇದನ್ನು ಓದಿದ ಮಾತ್ರಕ್ಕೆ ನಾಳೆಯೇ ಹಿರಿಯರನ್ನು ರಸ್ತೆಗೆ ಕರೆದೊಯ್ಯಬೇಡಿರಿ. ಮೊದಲು ವೈದ್ಯರು ಹೃದಯವನ್ನೂ ಶ್ವಾಸಕೋಶವನ್ನೂ ಪರೀಕ್ಷಿಸಿ, ನಡೆಯುವಾಗ ರಕ್ತದ ಆಮ್ಲಜನಕ ಎಷ್ಟು ಇಳಿಯುವುದೆಂದು ನೋಡಿ ಅಪ್ಪಣೆ ಕೊಡಬೇಕು. ಆಮೇಲೆ ಐದೈದು ನಿಮಿಷಗಳ ನಡಿಗೆ, ನಡುವೆ ವಿಶ್ರಾಂತಿ. ಮಾತನಾಡುತ್ತ ನಡೆಯಲಾಗುವಷ್ಟೇ ವೇಗವಿರಲಿ. ಮೂಗಿನಿಂದ ಉಸಿರೆಳೆದು, ದೀಪದ ಕುಡಿ ಅಲುಗಬೇಕು, ಆದರೆ ನಂದಬಾರದು ಎಂಬಂತೆ ತುಟಿ ಕೂಡಿಸಿ ಮೆಲ್ಲಗೆ ಬಿಡಬೇಕು. ಕುರ್ಚಿಯಿಂದ ಎದ್ದು ಕೂರುವುದೂ ಒಳ್ಳೆಯ ವ್ಯಾಯಾಮ. ಏಳುವಾಗ ಉಸಿರು ಬಿಡಬೇಕು, ಬಿಗಿಹಿಡಿಯಬಾರದು. ಎದೆನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಬೇಕು. ಕಾಲು ಬಾತು, ಎರಡು ಮೂರು ದಿನಗಳಲ್ಲಿ ತೂಕ 2 ಕಿಲೋ ಏರಿದರೆ ಅದು ಶರೀರದಲ್ಲಿ ನೀರು ತುಂಬುತ್ತಿರುವ ಗುರುತು. ವ್ಯಾಯಾಮ ಬಿಟ್ಟು ವೈದ್ಯರ ಬಳಿ ಹೋಗತಕ್ಕದ್ದು.

ಮನೆಯವರ ಪಾಲಿನದು ಇಷ್ಟೇ: ಪಡಸಾಲೆಯ ಎರಡು ತುದಿಗೂ ಒಂದೊಂದು ಕುರ್ಚಿ ಇಡಿರಿ. ಪೂಜೆಗೆ ಹೂವು, ಪತ್ರೆ ಬಿಡಿಸಿ ತರುವ ಕೆಲಸವನ್ನು ಹಿರಿಯರ ಕೈಯಿಂದ ಕಿತ್ತುಕೊಳ್ಳಬೇಡಿರಿ. ಬೇಕಾದರೆ ಬುಟ್ಟಿ ಹಿಡಿಯಲು ಮೊಮ್ಮಗನನ್ನು ಜೊತೆಗೆ ಕಳುಹಿಸಿರಿ, ಅಜ್ಜನಿಗಿಂತ ಮುಂದೆ ಓಡಬಾರದೆಂದು ಅವನಿಗೆ ಹೇಳಿ.